ಅಂಬಿಗನ ಮಗಳ ಈಜು

"ಗುರುಗಳೇ, ಕಲಿತದ್ದು ಈ ಮಕ್ಕಳ ತಲೆಯಲ್ಲಿ ನಿಲ್ಲುವಂತೆ ಮಾಡುವುದು ಹೇಗೆ?" ಎಂದು ಚೆನ್ನವೀರ ಕೇಳಿದ. ಕೇಳಿದ್ದಕ್ಕಿಂತ ಸಿಡುಕಿದ್ದೇ ಹೆಚ್ಚು. ಮಠದ ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಕೆಲಸ ಅವನದು. ಕೋಣನ ಮುಂದೆ ಕಿನ್ನರಿ ಬಾರಿಸಿ ಬಾರಿಸಿ ಅವನಿಗೆ ಸಾಕುಸಾಕಾಗಿತ್ತು. ಹದಿಮೂರರ ಮಗ್ಗಿಯೊಂದೇ ಒಂದು ತಿಂಗಳನ್ನು ನುಂಗಿತ್ತು.

"ತಡವರಿಸಿದರೆ ಸಾಕು, ಮುಂದಿನದನ್ನು ನಾನೇ ಹೇಳಿಕೊಡುತ್ತೇನೆ. ಯಾರನ್ನೂ ಒಂದು ಕ್ಷಣ ಒದ್ದಾಡಲು ಬಿಟ್ಟವನಲ್ಲ. ಆದರೂ ಬೆಳಗಾದರೆ ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಾರೆ. ಅದರಲ್ಲಿ ಮೂವರಂತೂ ಶುದ್ಧ ದಡ್ಡರು. ನಾಳೆ ಅವರನ್ನು ಮನೆಗೆ ಕಳಿಸಿಬಿಡುತ್ತೇನೆ, ಅಪ್ಪಣೆ ಕೊಡಿ."

ಗುರುಗಳು ಅಪ್ಪಣೆ ಕೊಡಲಿಲ್ಲ, ಕತೆ ಹೇಳಿದರು.

ಒಬ್ಬ ಅಂಬಿಗನಿದ್ದ. ಅವನಿಗೆ ಒಬ್ಬಳೇ ಮಗಳು. ಈಜು ಬಾರದವರು ದೋಣಿಯ ಹುಟ್ಟು ಹಿಡಿಯಬಾರದೆಂಬುದು ಅವರ ಮನೆತನದ ಕಟ್ಟಳೆ. ಅಂಬಿಗ ಮಗಳ ಸೊಂಟಕ್ಕೆ ಹಗ್ಗ ಕಟ್ಟಿ ಹೊಳೆಗೆ ಇಳಿಸಿದ. ಹಗ್ಗದ ತುದಿ ಹಿಡಿದು ದಡದಲ್ಲಿ ನಿಂತು, ಕೈ ಬಡಿ, ಕಾಲು ಬಡಿ ಎಂದು ಕೂಗಿದ. ಹುಡುಗಿಯ ಗಲ್ಲಕ್ಕೆ ನೀರು ತಾಗಿತೋ ಇಲ್ಲವೋ, ಎಳೆದುಬಿಟ್ಟ. ಮರುದಿನವೂ ಎಳೆದ. ಯುಗಾದಿಯಿಂದ ಕಾರಹುಣ್ಣಿಮೆಯವರೆಗೂ ಎಳೆದ. ಅವನ ಅಂಗೈಯಲ್ಲಿ ಬೊಬ್ಬೆ ಎದ್ದವು, ಅವಳಿಗೆ ಈಜು ಬರಲಿಲ್ಲ. ಹೊಳೆಗೆ ಹೊಸನೀರು ಬರುವ ದಿನ ಹತ್ತಿರವಾಯಿತು.

"ಅಂಬಿಗರ ಮನಿಗೆ ಬೀಸೂಕಲ್ಲು ಬಂದೈತಿ!" ಎಂದು ಅಂಬಿಗ ಹಣೆ ಚಚ್ಚಿಕೊಂಡ. "ನಿನಗ ಹುಟ್ಟೂ ಬ್ಯಾಡ, ದೋಣೀನೂ ಬ್ಯಾಡ. ಒಲಿ ಊದಿಕೊಂಡು ಮನ್ಯಾಗ ಬಿದ್ದಿರು."

ಮಗಳಿಗೆ ದುಃಖ ಉಕ್ಕಿತು. ಹುಟ್ಟಿದಾಗಿನಿಂದ ಅವಳ ಕಣ್ಣು ಆ ದೋಣಿಯ ಮೇಲೆಯೇ ಇತ್ತು. "ಅಪ್ಪಾ, ನಾ ಕೈ ಎತ್ತೂದ್ರಾಗ ನೀ ದಡಕ್ಕ ಎಳೀತಿ. ನಾ ಈಸೂದು ಯಾವಾಗ?" ಎಂದಳು.

"ಎಳೀಲಿಲ್ಲಂದ್ರ ನೀರು ಕುಡೀತಿ!"

"ಎರಡು ಗುಟುಕು ಕುಡೀತೀನಿ ಬಿಡು. ನೀ ಇಲ್ಲೇ ಇರ್ತೀಯಲ್ಲ."

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಚೆನ್ನವೀರ ಕಾದ. ಅವರು ಮುಂದುವರಿಸುವ ಲಕ್ಷಣ ಕಾಣಲಿಲ್ಲ. ಮೊದಲೇ ರೇಗಿದ್ದವನು ಇನ್ನಷ್ಟು ರೇಗಿ, "ಆಮೇಲೆ? ಅವಳು ಈಜು ಕಲಿತಳೋ ಇಲ್ಲವೋ?" ಎಂದ.

"ಹಗ್ಗ ಹಿಡಿದವನು ನೀನು, ನನ್ನನ್ನೇನು ಕೇಳುತ್ತೀ?" ಎಂದರು ಗುರುಗಳು.