ಸಪಾಟು ಗೆರೆ

ಹೊಳೆದಂಡೆಯ ಆಶ್ರಮದಲ್ಲಿ ಒಂದು ಹಳೇ ಯಂತ್ರವಿತ್ತು. ತೀರಿಕೊಂಡ ಹಿರಿಯಜ್ಜರ ಒಂದು ಪ್ರವಚನ ಅದರ ಡಿಸ್ಕಿನಲ್ಲಿ ಉಳಿದಿತ್ತು. ಧ್ವನಿಯ ಭಾಗ ಎಂದೋ ಕೆಟ್ಟುಹೋಗಿ, ಯಂತ್ರ ಮಾತನ್ನು ಇಟ್ಟುಕೊಳ್ಳುತ್ತಿತ್ತೇ ಹೊರತು ಆಡುತ್ತಿರಲಿಲ್ಲ. ಅಲುಗಾಡಿಸಿದರೆ ಇದ್ದದ್ದೂ ಹೋದೀತೆಂಬ ಭಯ ಬೇರೆ.

ಅದರ ಉಸಾಬರಿ ಶಿಷ್ಯ ಗುರುಪಾದನ ತಲೆಗೆ ಬಂದಿತ್ತು. ಅವನು ಹಿರಿಯಜ್ಜರನ್ನು ಕಂಡವನಲ್ಲ, ಅವರ ದನಿ ಕೇಳಿದವನೂ ಅಲ್ಲ. ಯಂತ್ರದ ಮುಂದೆ ಕೂತು ಕೂತು ಅವನಿಗೆ ಸಾಕುಸಾಕಾಗಿತ್ತು.

ದೂರದ ಊರಿನಲ್ಲಿ ಬಾಳವ್ವ ಹಾಸಿಗೆ ಹಿಡಿದಿದ್ದಳು. ಹಿರಿಯಜ್ಜರ ಕಾಲದಲ್ಲಿ ಆಶ್ರಮದ ಅಡುಗೆಮನೆ ನೋಡಿಕೊಂಡವಳು ಅವಳೇ. ವೈದ್ಯರು ಕೈಚೆಲ್ಲಿದ್ದರು. ಕಣ್ಣು ಮುಚ್ಚುವ ಮೊದಲು ಒಮ್ಮೆ ಹಿರಿಯಜ್ಜರ ಮಾತು ಕೇಳಬೇಕು ಅನ್ನುವುದೊಂದೇ ಅವಳ ಆಸೆ.

ಟೆಲಿಫೋನ್ ತಂತಿಯ ಮೇಲೆ ಪ್ರವಚನ ಕಳಿಸುವುದೆಂದಾಯಿತು. ಮುಂಜಾನೆಯೇ ಆ ತುದಿಯಲ್ಲಿ ಬಾಳವ್ವನ ತಂಗಿಯ ಮಗಳು ಕಸ್ತೂರಿ ಕಂಪ್ಯೂಟರ್ ಹಚ್ಚಿಕೊಂಡು ಕೂತಳು.

"ಯಾವಾಗ ಮುಟ್ಟತೈತ್ರಿ?" ಎಂದು ಕೇಳಿದಳು.

ಗುರುಪಾದ ಡಿಸ್ಕು ಓದುವ ವೇಗ ನೋಡಿದ. ಸೆಕೆಂಡಿಗೆ ಅರವತ್ತನಾಲ್ಕು. ತಂತಿಯ ವೇಗ ನೋಡಿದ. ಅದೂ ಅರವತ್ತನಾಲ್ಕು.

"ಮಧ್ಯಾಹ್ನ ಊಟದ ಹೊತ್ತಿಗೆ ಬಂದಬಿಡತೈತ್ರಿ" ಎಂದ.

ಜಗಲಿಯ ಮೇಲೆ ಮೊಣಕಾಲು ಒತ್ತಿಕೊಳ್ಳುತ್ತ ಕೂತಿದ್ದ, ಹಿರಿಯಜ್ಜರ ಬಳಿ ಬೆಳೆದು ಈಗ ಆಶ್ರಮ ನಡೆಸುತ್ತಿದ್ದ ಅಡವಯ್ಯಜ್ಜರು ಕೇಳಿದರು, "ಲೆಕ್ಕಾ ಮಾಡಿದೇನ ತಮ್ಮಾ?"

"ಎರಡೂ ಅರವತ್ನಾಕ ಅದಾವ್ರಿ ಅಜ್ಜಾರ. ಅದ್ರಾಗ ಲೆಕ್ಕಾ ಏನ್ ಮಾಡೂದು?"

ಅಂಕಿ ಒಂದೇ ಇದ್ದದ್ದೇ ಅವನಿಗೆ ಮುಳುವಾಯಿತು. ಊಟದ ಹೊತ್ತಿಗೆ ನೋಡಿದರೆ ಎಂಟರಲ್ಲಿ ಒಂದು ಪಾಲು ಮಾತ್ರ ಹೋಗಿತ್ತು. ಗಾಬರಿಯಾಗಿ ಅಂಕಿಗಳ ಪಕ್ಕದಲ್ಲಿದ್ದುದನ್ನು ಆಗ ಓದಿದ. ಡಿಸ್ಕಿನದು ಕಿಲೋಬೈಟ್, ತಂತಿಯದು ಕಿಲೋಬಿಟ್. ಎಂಟು ಬಿಟ್ ಕೂಡಿದರೆ ಒಂದು ಬೈಟ್ ಎನ್ನುವುದು ಅವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ನೋಡಿರಲಿಲ್ಲ, ಅಷ್ಟೇ.

"ತಪ್ಪಾತ್ರಿ ಅಜ್ಜಾರ. ಪೂರಾ ಮುಟ್ಟಬೇಕಂದ್ರ ನಾಳೆ ಸಂಜಿ ಆಗತೈತಿ."

"ಚಟಾಕಿನ ಅಳತಿ ಹಿಡದು ಸೇರ ಅಂದಿ" ಎಂದರು ಅಜ್ಜರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಮೊದಲ ಅವರಿಗೆ ತಿಳಸು. ಕಾಯಾಕತ್ತಿರತಾರ."

ಆಶ್ರಮಕ್ಕೆ ಇದ್ದದ್ದು ಒಂದೇ ತಂತಿ. ಮಾತಾಡಬೇಕೆಂದರೆ ಕಳಿಸುವುದನ್ನು ನಿಲ್ಲಿಸಬೇಕು, ಹೋದಷ್ಟೂ ವ್ಯರ್ಥ. ಗುರುಪಾದ ನಿಲ್ಲಿಸಿ ಫೋನ್ ಹಚ್ಚಿದ.

"ದೊಡ್ಡವ್ವ ಮುಂಜಾನಿಂದ ದಿಂಬಿಗೆ ಒರಗಿ ಕುಂತಾಳ್ರಿ" ಎಂದಳು ಕಸ್ತೂರಿ. "ಗಂಜಿ ಮುಟ್ಟಾಕ ಒಲ್ಲೆ ಅಂತಾಳ. ನಾಳಿ ಸಂಜಿ ಅಂದ್ರ ನನಗ ಧೈರ್ಯ ಇಲ್ರಿ."

ಗುರುಪಾದನಿಗೆ ನಾಚಿಕೆಯಿಂದ ಕಿವಿ ಬಿಸಿಯಾದವು. ಅಜ್ಜರು ಎರಡು ಮಾತು ಬೈದಿದ್ದರೆ ಹಗುರಾಗುತ್ತಿತ್ತು.

ಮತ್ತೆ ಯಂತ್ರದ ಮುಂದೆ ಕೂತ. ಪರದೆಯ ಮೇಲೆ ಪ್ರವಚನವೆಲ್ಲ ಒಂದು ಗೆರೆಯಾಗಿ ಹರಡಿಕೊಂಡಿತ್ತು. ಮಾತಿದ್ದಲ್ಲಿ ಗೆರೆ ಉಬ್ಬಿತ್ತು, ಮಾತಿಲ್ಲದಲ್ಲಿ ಸಪಾಟು. ನೋಡಿದರೆ ಮುಕ್ಕಾಲು ಪಾಲು ಸಪಾಟೇ. ಶುರುವಿನಲ್ಲಿ ಒಂದು ಸಣ್ಣ ಉಬ್ಬು, ಅದರ ಹಿಂದೆ ಎಲ್ಲಕ್ಕಿಂತ ಉದ್ದನೆಯ ಸಪಾಟು ಗೆರೆ.

ಖಾಲಿ ಜಾಗಕ್ಕೂ ಮಾತಿನಷ್ಟೇ ಬಿಟ್ ಸುರಿಯುವುದು ಯಾವ ಕರ್ಮಕ್ಕೆ? ಸಪಾಟು ಇದ್ದದ್ದನ್ನೆಲ್ಲ ಕತ್ತರಿಸಿ ತೆಗೆದ, ಮಾತಿನ ಒಂದು ಚೂರೂ ಹೋಗದ ಹಾಗೆ. ಉಳಿದದ್ದು ರಾತ್ರಿ ಊಟದ ಹೊತ್ತಿಗೆ ಮುಟ್ಟಿತು. ಗುರುಪಾದ ಗೋಡೆಗೆ ಒರಗಿ ಕಣ್ಣು ಮುಚ್ಚಿದ.

ಸ್ವಲ್ಪದರಲ್ಲೇ ಕಸ್ತೂರಿಯ ಫೋನ್ ಬಂತು. ಅಳುತ್ತಿದ್ದಳು.

"ಇವರು ಹಿರಿಯಜ್ಜಾರ ಅಲ್ಲ ಅಂದ್ಲ್ರಿ. ಗ್ವಾಡಿ ಕಡೆ ಮುಖಾ ಮಾಡಿ ಮಲಗ್ಯಾಳ."

"ಅವರ ಮಾತ ಅದಾವ್ರಿ ಎಲ್ಲಾ! ನಾ ಒಂದ ಅಕ್ಷರಾ ಕೂಡ್ಸಿಲ್ಲ."

"'ಎಲ್ಲಾರ್ದೂ ಊಟ ಆತೇನ್ರಪಾ' ಅಂದ್ರು, ಅದರ ಹಿಂದನ ಪ್ರವಚನ ಶುರು ಆತ್ರಿ. ಅಷ್ಟಕ್ಕ ಅಳಾಕತ್ಲು. ಅಜ್ಜಾರು ನನ್ನ ಬಿಟ್ಟು ಶುರು ಮಾಡಾವ್ರಲ್ಲ ಅಂತಾಳ."

ಗುರುಪಾದ ಫೋನ್ ಇಟ್ಟು, ಬಂದು ಅಜ್ಜರ ಕಾಲ ಬಳಿ ಕುಸಿದ. ಕೇಳಿದ್ದನ್ನು ಹೇಳಿದ. ತಾನು ಕತ್ತರಿಸಿದ್ದನ್ನೂ ಹೇಳಿದ.

ಅಜ್ಜರು ಒತ್ತುತ್ತಿದ್ದ ಮೊಣಕಾಲು ಬಿಟ್ಟು ಅವನ ಕಡೆ ತಿರುಗಿದರು.

"ಬಾಳಕ್ಕ ಎಲ್ಲಾರಿಗೂ ನೀಡಿ ಕಡೀಕ ಉಣ್ಣಾಕಿ" ಎಂದರು. "ಹಿರಿಯಜ್ಜಾರು ಊಟ ಆತೇನು ಅಂತ ಕೇಳಿ ಸುಮ್ಮ ಕುಂದರತಿದ್ರು. ಆಕಿ ಉಂಡು, ಕೈ ತೊಳಕೊಂಡು, ಬಂದು ಕುಂತ ಮ್ಯಾಲೆ ಮುಂದಿನ ಮಾತು."

ಗುರುಪಾದನ ಕಣ್ಣ ಮುಂದೆ ಆ ಉದ್ದನೆಯ ಸಪಾಟು ಗೆರೆ ಬಂತು.

"ಅದನ್ನ ಈಗ ಕಳಿಸಾಕ ಕುಂತ್ರ ಬೆಳಗ ಆಗತೈತ್ರಿ ಅಜ್ಜಾರ. ಅಲ್ಲೀ ತನಕಾ ಆಕಿ..."

"ಫೋನ್ ಹಚ್ಚು."

ಹಚ್ಚಿಕೊಟ್ಟ. ಬಾಳವ್ವನ ಕಿವಿಗೆ ಹಿಡಿಯುವಂತೆ ಅಜ್ಜರು ಕಸ್ತೂರಿಗೆ ಹೇಳಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಅಕ್ಕಾ, ಊಟ ಆತೇನ?"

ಅಷ್ಟೇ. ಮುಂದೆ ಒಂದು ಮಾತೂ ಆಡಲಿಲ್ಲ.

ಆ ಕಡೆ ಏನೂ ಕೇಳಲಿಲ್ಲ. ಅಜ್ಜರು ಫೋನನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ಫೋನ್ ತಾನು ಹಿಡಿದುಕೊಳ್ಳಲೆಂದು ಗುರುಪಾದ ಮುಂದೆ ಬಂದ. ಅವರು ತಲೆಯಾಡಿಸಿ ಬೇಡವೆಂದರು.

ಬಹಳ ಹೊತ್ತಿನ ಮೇಲೆ ಆ ಕಡೆ ಬಟ್ಟಲಿನ ಸದ್ದು. ಚಮಚದ ಸದ್ದು. ಒಂದು ಕೆಮ್ಮು, ಮತ್ತೆ ಚಮಚ. ಅಜ್ಜರು ಕಾದೇ ಕಾದರು. ಕೈ ತೊಳೆದ ನೀರು ತಟ್ಟೆಗೆ ಬಿದ್ದದ್ದು ಗುರುಪಾದನಿಗೂ ಕೇಳಿಸಿತು.

ಕೊನೆಗೆ ಒಂದು ಕ್ಷೀಣ ದನಿ, "ಆತಪಾ."

ಗುರುಪಾದ ಕಣ್ಣೊರೆಸಿಕೊಂಡ. "ಅಜ್ಜಾರ, ಈಗರೆ ಪೂರಾ ಪ್ರವಚನ ಕಳಿಸ್ಲೇನ್ರಿ?"

ಅಜ್ಜರು ಫೋನನ್ನು ಅವನ ಕೈಗಿಟ್ಟರು.

"ಬ್ಯಾಡ ತಮ್ಮಾ. ಅಕ್ಕ ಬಂದು ಕುಂತ್ಲು. ಇನ್ನ ಹಿರಿಯಜ್ಜಾರು ಶುರು ಮಾಡಲಿ ಅಂತ ಕಸ್ತೂರಿಗೆ ಹೇಳು."