ಉಪ್ಪು ಬಿಟ್ಟವನ ತಾಯಿ

ಅಮೆಜಾನ್ ಕಾಡಿನ ಹೊಳೆಯೊಂದರ ದಂಡೆಯಲ್ಲಿ ಇಸಿದ್ರೋ ಎಂಬ ಮುದುಕ ವೈದ್ಯನಿದ್ದ. ಅಯಾವಾಸ್ಕ ಎಂಬ ಬಳ್ಳಿಯೇ ಅವನಿಗೆ ದೇವರು, ಅದೇ ಗುರು. ಬಳ್ಳಿಯನ್ನು ಜಜ್ಜಿ, ಕುದಿಸಿ, ಆ ಕಹಿ ಕಷಾಯ ಕುಡಿದು ಕೂತರೆ ರೋಗಿಯ ನೋವು ಎಲ್ಲಿದೆಯೆಂದು ಬಳ್ಳಿ ತೋರಿಸುತ್ತದೆ, ವಾಸಿಮಾಡುವ ಹಾಡನ್ನೂ ಕಲಿಸುತ್ತದೆ ಎಂದು ಆ ಕಡೆಯವರ ನಂಬಿಕೆ.

ರೋನೊ ಅವನ ಶಿಷ್ಯ. ಹಾಡು ಒಲಿಯುವ ತನಕ ಉಪ್ಪು, ಖಾರ, ಸಿಹಿ ಮುಟ್ಟುವಂತಿಲ್ಲ, ಗುಡಿಸಲಲ್ಲಿ ಒಬ್ಬನೇ ಇರಬೇಕು. ವ್ರತ ಕೆಟ್ಟರೆ ಬಳ್ಳಿ ಮುನಿದು ಮನೆಯವರ ಮೇಲೆ ಕಾಯಿಲೆಯಾಗಿ ಎರಗುತ್ತದೆ ಎಂದು ಅವನನ್ನು ಹೆದರಿಸದವರಿಲ್ಲ. ಬೇಯಿಸಿದ ಬಾಳೆಕಾಯಿ ತಿಂದುಕೊಂಡು ಹುಡುಗ ಕಡ್ಡಿಯಾಗಿದ್ದ.

ಒಂದು ಸಂಜೆ ಅವನ ತಾಯಿ ಮೆತ್ಸಾ ದೋಣಿಗೆ ಹುಟ್ಟು ಹಾಕಿಕೊಂಡು ಬಂದಳು. ಮಗನ ಪಕ್ಕೆಲುಬು ನೋಡಿದವಳೇ ಎಲೆಯಲ್ಲಿ ಕಟ್ಟಿ ತಂದಿದ್ದ ಬುತ್ತಿ ಬಿಚ್ಚಿದಳು.

"ಇದೊಂದು ತುಂಡು ತಿನ್ನು ಮಗನೇ, ನನ್ನಾಣೆ," ಎಂದು ಉಪ್ಪುಮೀನು ಮುಂದಿಟ್ಟಳು.

ರೋನೊ ಒಂದು ತುಂಡಿಗೆ ನಿಲ್ಲಲಿಲ್ಲ. ಎಲೆಯನ್ನೂ ನೆಕ್ಕಿದ.

ಬೆಳಗಾಗುವಷ್ಟರಲ್ಲಿ ತಾಯಿಗೆ ವಾಂತಿ ಭೇದಿ ಶುರುವಾಗಿತ್ತು. ಮಧ್ಯಾಹ್ನಕ್ಕೆ ನಾಲಿಗೆ ಒಣಗಿ, ಕಣ್ಣು ಗುಳಿಬಿದ್ದವು. ತಾನು ತಿಂದ ಉಪ್ಪೇ ಅಮ್ಮನನ್ನು ಕೊಲ್ಲುತ್ತಿದೆ ಎಂದುಕೊಂಡ ರೋನೊ. ಓಡಿಹೋಗಿ ಬಳ್ಳಿ ಕಡಿದು ತಂದ, ಜಜ್ಜಿದ, ಗಡಿಗೆಯಲ್ಲಿ ಕುದಿಯಲಿಟ್ಟ.

ಕಷಾಯದ ವಾಸನೆ ಹಿಡಿದು ಮುದುಕ ಬಂದ.

"ಯಾರಿಗೋ ಇದು?"

"ಅಮ್ಮನಿಗೆ, ತಾತಾ."

"ಇದನ್ನ ಕುಡಿಯೋದು ರೋಗ ನೋಡೋನು, ರೋಗಿ ಅಲ್ಲ. ಒಳಗಿದ್ದದ್ದೆಲ್ಲ ಕಕ್ಕಿಸುತ್ತೆ. ಇವಳೊಳಗೆ ಇನ್ನೇನು ಉಳಿದಿದೆ ಅಂತ?"

ಮುದುಕ ಗಡಿಗೆ ಇಳಿಸಿದ.

"ಕಡಿಯೋ ಮುಂಚೆ ಬುಡಕ್ಕೆ ಹೊಗೆಸೊಪ್ಪಿನ ಹೊಗೆ ಊದಿ, ಬಳ್ಳಿಯ ಅಪ್ಪಣೆ ಕೇಳಿದೆಯಾ?"

"ಕೇಳೋಕೆ ನನಗೆ ಮುಖ ಎಲ್ಲಿತ್ತು?" ರೋನೊ ಅವನ ಕಾಲು ಹಿಡಿದ. "ಉಪ್ಪು ತಿಂದುಬಿಟ್ಟೆ ತಾತಾ. ಅದಕ್ಕೇ ಅದು ಅಮ್ಮನ್ನ ಹಿಡ್ಕೊಂಡಿದೆ. ನನ್ನ ಓಡಿಸಿಬಿಡಿ, ಅವಳನ್ನ ಉಳಿಸಿಕೊಡಿ."

ಮುದುಕ ಬಯ್ಯಲಿಲ್ಲ. ಮೆತ್ಸಾಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಹೊಟ್ಟೆ ಒತ್ತಿ ನೋಡಿದ.

"ದಾರೀಲಿ ಯಾವ ನೀರು ಕುಡಿದೆ ತಾಯಿ?"

"ಹೊಳೇದೇ... ಬಿಸಿಲು ಬಹಳ ಇತ್ತು."

"ಕಾಯಿಸದೆ?"

ಅವಳು ಹೂಂಗುಟ್ಟಿದಳು.

ಇಸಿದ್ರೋ ಶಿಷ್ಯನ ಕಡೆ ತಿರುಗಿದ. "ನೀರು ಕುದಿಸು. ಒಂಚೂರು ಕಬ್ಬಿನ ಹಾಲು ಹಾಕು. ಒಂದು ಚಿಟಿಕೆ ಉಪ್ಪು."

ರೋನೊ ಬೆಚ್ಚಿಬಿದ್ದ. "ಉಪ್ಪೇ?"

"ವ್ರತ ಹಿಡಿದೋನು ನೀನು. ಅವಳಲ್ಲ."

ಗುಟುಕು ಗುಟುಕಾಗಿ ಕುಡಿಸಿದರು. ಮೊದಲು ಕುಡಿದದ್ದು ಹೊರಗೆ ಬಂತು. ಆಮೇಲೆ ಕುಡಿದದ್ದು ಒಳಗೇ ನಿಂತಿತು. ಮಾರನೆಯ ದಿನ ಮೆತ್ಸಾ ಎದ್ದು ಕೂತು, ತನ್ನ ತಲೆಗೂದಲ ಅವಸ್ಥೆ ನೋಡಿ ಗೊಣಗತೊಡಗಿದಳು.

ಆ ಗೊಣಗಾಟ ಕೇಳಿ ರೋನೊ ಹೊರಗೆ ಬಂದು ಗೊಳೋ ಎಂದು ಅತ್ತುಬಿಟ್ಟ. ಎದೆಯ ಭಾರವೆಲ್ಲ ಇಳಿದು, ನಗುವೂ ಬಂತು. ಮುದುಕ ಮೂಗು ಒರೆಸಿಕೊಳ್ಳಲು ಒಂದು ಎಲೆ ಕಿತ್ತುಕೊಟ್ಟ.

"ಹಾಗಾದ್ರೆ ಬಳ್ಳಿ ಮುನಿಯಲಿಲ್ವಾ ತಾತಾ?"

"ಅಮ್ಮ ಕೊಟ್ಟ ತುತ್ತಿಗೆ ಮುನಿಯೋ ದೇವರಾಗಿದ್ರೆ, ನಾನು ಇಷ್ಟು ವರ್ಷ ಅದರ ಹತ್ರ ಇರ್ತಿದ್ನೇನೋ?"

"ನನ್ನ ವ್ರತ?"

"ಕೆಟ್ಟಿದೆ. ಮತ್ತೆ ಮೊದಲಿಂದ ಹಿಡಿ."

ಓಡಿಸುವುದಿಲ್ಲ ಎಂದು ಖಾತ್ರಿಯಾಗಿ ರೋನೊ ಧಡಕ್ಕನೆ ಎದ್ದ. "ಈಗಲೇ ಹೋಗಿ ಬಳ್ಳಿ ಬುಡದಲ್ಲಿ ಕೂರ್ತೀನಿ!"

ಮುದುಕ ಅವನ ರಟ್ಟೆ ಹಿಡಿದು ನಿಲ್ಲಿಸಿದ. ಒಳಗೆ ಮೆತ್ಸಾ ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದಳು.

"ಬಳ್ಳಿಗೆ ಕಾಯೋದು ಗೊತ್ತು. ನಿಮ್ಮಮ್ಮನಿಗೆ ಹಸಿವಾಗಿದೆ, ಹೋಗಿ ಒಲೆ ಹಚ್ಚು."