ತಿಪ್ಪವ್ವ ಬಲೆ ಗುಡಿಸಲಿಲ್ಲ

ಒಂದಾನೊಂದು ಕಾಲದಲ್ಲಿ, ಅಂದರೆ ನಮ್ಮ ಹಿತ್ತಲ ಬಾವಿಗೆ ಇನ್ನೂ ರಾಟೆ ಹಾಕದ ಕಾಲದಲ್ಲಿ, ಬಾವಿ ಪಕ್ಕದ ನಿಂಬೆ ಗಿಡದಲ್ಲಿ ಮೂವರು ಜೇಡ ಅಕ್ಕತಂಗಿಯರಿದ್ದರಂತೆ. ದೊಡ್ಡವಳು ಸಂಕವ್ವ, ನಡುವಿನವಳು ಈರವ್ವ, ಕಿರಿಯವಳು ತಿಪ್ಪವ್ವ. ಈರವ್ವ ಆದಮೇಲೆ ಹುಟ್ಟಿದ ಮಕ್ಕಳು ಒಂದೂ ಉಳೀಲಿಲ್ಲ ಅಂತ, ಕಿರಿಯವಳನ್ನ ಅವರವ್ವ ತಿಪ್ಪೆ ಮೇಲೆ ಉರುಳಿಸಿ ಆ ಹೆಸರಿಟ್ಟಳಂತೆ.

ಎಷ್ಟು ಕಾಲು ಅಂದೆಯಾ? ಎಂಟು. ಸುಮ್ಮನೆ ಕೇಳು.

ಬಂಡಿ ಗಾಲಿಯಂಥ ದುಂಡನೆ ಬಲೆ ನೇಯೋದು ಅವರ ಕಸುಬು. ಮನೆತನದ್ದು ಒಂದು ಪದ್ಧತಿ. ನಸುಕಿಗೆ ಹಳೇ ಬಲೆ ನುಂಗಬೇಕು, ಹೊತ್ತು ಹುಟ್ಟೋದರೊಳಗೆ ಹೊಸದು ನೇಯಬೇಕು, ಒಂದು ಚೂರು ಕಸ ಇರಬಾರದು. ಅಕ್ಕಂದಿರು ಹಾಗೇ ಮಾಡೋರಂತೆ. ತಿಪ್ಪವ್ವ ಮಾತ್ರ ತಿಂದ ನೊಣದ ಸಿಪ್ಪೆ, ಒಣಗಿದ ಎಲೆ ಚೂರು ಎಲ್ಲಾ ಒಟ್ಟು ಮಾಡಿ, ನೂಲು ಸುತ್ತಿ, ತನ್ನಷ್ಟೇ ದಪ್ಪ ಉಂಡೆ ಕಟ್ಟಿ, ಬಲೆಯ ನಡುವೆ ಸಾಲಾಗಿ ಅಂಟಿಸಿ, ಆಮೇಲೆ ಆ ಸಾಲಲ್ಲೇ ಎಂಟೂ ಕಾಲು ಮಡಚಿ ತಾನೂ ಒಂದು ಉಂಡೆಯಾಗಿ ಕೂರೋಳಂತೆ. ಯಾವುದು ಕಸ, ಯಾವುದು ತಿಪ್ಪವ್ವ, ಗೊತ್ತೇ ಆಗ್ತಿರಲಿಲ್ಲವಂತೆ.

ಸಂಕವ್ವ ಮೂಗು ಮುರಿಯೋಳು. ಏನೇ, ಎಂಟು ಕಾಲಿದ್ದೂ ಒಂದು ಬಲೆ ಗುಡಿಸೋಕಾಗಲ್ವಾ, ನೋಡಿದೋರು ನಮ್ಮವ್ವನ್ನ ಅಂತಾರೆ ಕಣೇ ಅನ್ನೋಳಂತೆ. ಇರಲಿ ಬಿಡಕ್ಕ ಅನ್ನೋಳಂತೆ ತಿಪ್ಪವ್ವ. ಅಷ್ಟೇ.

ಅದೇ ಹಿತ್ತಲ ಬಚ್ಚಲ ಗೋಡೆಯಲ್ಲಿ ಒಬ್ಬಳು ಕುಂಬಾರ ಹುಳ ಇದ್ದಳಂತೆ. ನಡು ಸಣ್ಣ, ಕೊಂಡಿ ಉದ್ದ. ಹಸಿ ಮಣ್ಣು ತಂದು ಗೋಡೆಗೆ ಗಡಿಗೆ ಕಟ್ಟೋಳು, ಜೇಡಗಳನ್ನ ಚುಚ್ಚಿ ಹೊತ್ತು ತಂದು ಗಡಿಗೆಗೆ ತುಂಬೋಳು, ಮೊಟ್ಟೆ ಇಟ್ಟು ಬಾಯಿ ಮುಚ್ಚೋಳು. ಹುಟ್ಟೋ ಮಕ್ಕಳಿಗೆ ಬುತ್ತಿ. ಕೆಟ್ಟವಳಲ್ಲ. ಆದರೆ ಜೇಡರ ಪಾಲಿಗೆ ಯಮ.

ಹೀಗಿರುವಾಗ ತಿಪ್ಪವ್ವ ಮೊಟ್ಟೆ ಇಟ್ಟು, ನೂಲಿನ ಚೀಲದಲ್ಲಿ ಸುತ್ತಿ, ಅದನ್ನೂ ಕಸದ ಸಾಲಲ್ಲೇ ಕಟ್ಟಿಕೊಂಡು ಕಾಯ್ತಾ ಕೂತಳಂತೆ. ತಾನು ಹೋದರೆ ಆ ಚೀಲಕ್ಕೆ ದಿಕ್ಕಿಲ್ಲ. ಮಾರನೇ ದಿನ ಕುಂಬಾರ ಹುಳ ಝುಂಯ್ ಅಂತ ಬಂದು ಮೇಲಿನ ಉಂಡೆಗೆ ಚುಚ್ಚಿದಳಂತೆ. ನೊಣದ ಸಿಪ್ಪೆ. ಕೊಂಡಿ ಸಿಕ್ಕಿಕೊಂಡು, ಕಿತ್ತುಕೊಳ್ಳೋಕೆ ಸಾಕುಬೇಕಾಯ್ತಂತೆ. ಅದರ ಮರುದಿನ ಮತ್ತೆ ಬಂದಳು, ಕೆಳಗಿನ ಉಂಡೆಗೆ ಚುಚ್ಚಿ, ಸಿಕ್ಕಿತು ಅಂತ ಬಚ್ಚಲ ಗೋಡೆವರೆಗೂ ಹೊತ್ತಳು. ಬಿಚ್ಚಿ ನೋಡಿದರೆ ಒಣಗಿದ ಎಲೆ!

ನಗಬೇಡ, ನಿದ್ದೆ ಹಾರಿಹೋಗುತ್ತೆ.

ಮೂರನೇ ದಿನ ನಸುಕಿಗೇ ಅಕ್ಕಂದಿರು ಬಂದರಂತೆ. ತಂಗಿ ಬಾಣಂತಿ, ಸುಸ್ತಾಗಿ ಎಲೆ ಮರೆಯಲ್ಲಿ ಮಲಗಿದ್ದಳು. ಪಾಪ, ನಾವೇ ಗುಡಿಸಿಕೊಡೋಣ ಅಂತ ಸಂಕವ್ವ ಒಂದೊಂದೇ ಉಂಡೆ ಕತ್ತರಿಸಿ ಕೆಳಕ್ಕೆ ಉದುರಿಸಿದಳಂತೆ. ಈರವ್ವ ಬಲೆಗೆ ಹೊಸ ನೂಲು ಹಾಕಿದಳು. ಬಲೆ ಥಳಥಳ. ಕೊನೆಗೆ ಮೊಟ್ಟೆ ಚೀಲಕ್ಕೂ ಸಂಕವ್ವ ಬಾಯಿ ಹಾಕಿದಳು, ಅಷ್ಟರಲ್ಲಿ ತಿಪ್ಪವ್ವನಿಗೆ ಎಚ್ಚರ.

ಅಯ್ಯೋ ಅಕ್ಕಾ, ಅದು ಕಸ ಅಲ್ಲ, ನನ್ನ ಮಕ್ಕಳು ಅಂತ ಕೂಗಿಕೊಂಡು ಓಡಿಬಂದಳಂತೆ. ಸಂಕವ್ವ ಚೀಲದಿಂದ ಬಾಯಿ ತೆಗೆದಳು. ತೆಗೆಯೋದಕ್ಕೂ ಬಚ್ಚಲ ಕಡೆಯಿಂದ ಝುಂಯ್ ಅನ್ನೋದಕ್ಕೂ ಸರಿಹೋಯ್ತು.

ಉಂಡೆ ಒಂದೂ ಇಲ್ಲ. ಚೀಲ ಬಿಟ್ಟು ಓಡೋಕೆ ತಿಪ್ಪವ್ವನಿಗೆ ಮನಸ್ಸಿಲ್ಲ. ತಂಗಿಯನ್ನ ಬಿಟ್ಟು ಓಡೋಕೆ ಅಕ್ಕಂದಿರಿಗೆ ಮುಖವಿಲ್ಲ. ಕಾಲು ಮಡಚಿ ಅಂದಳಂತೆ ತಿಪ್ಪವ್ವ. ನಾನಾ, ಕಸದ ಹಾಗಾ ಅಂದಳಂತೆ ಸಂಕವ್ವ. ಮಡಚಕ್ಕಾ! ಮಡಚಿದಳು. ಮೇಲೆ ಸಂಕವ್ವ, ಆಮೇಲೆ ಚೀಲ, ಆಮೇಲೆ ತಿಪ್ಪವ್ವ, ಕೆಳಗೆ ಈರವ್ವ. ಒಂದೇ ಸಾಲು. ಉಸಿರಿಲ್ಲ.

ಕುಂಬಾರ ಹುಳ ಬಂದಳು. ಸುತ್ತು ಹಾಕಿದಳು. ಸಂಕವ್ವನ ಬೆನ್ನ ಮೇಲೆ ಮೀಸೆ ಆಡಿಸಿದಳು. ಸಂಕವ್ವನಿಗೆ ಕಚಗುಳಿ, ಆದರೂ ಅಲುಗಲಿಲ್ಲವಂತೆ. ಕೊಂಡಿ ಎತ್ತಿದಳು. ಎತ್ತಿದವಳು ಇಳಿಸಿದಳು. ಥೂ, ಎರಡು ಸಲ ಮೋಸಹೋದದ್ದು ಸಾಕು, ಈ ಹಾಳು ಮನೆಯಲ್ಲಿ ಬರೀ ಸಿಪ್ಪೆ, ಇದಂತೂ ಹಳಸಲು ಸಿಪ್ಪೆ ಅಂತ ಬೈದು, ಬೇಲಿ ದಾಟಿ ಹೊರಟೇಹೋದಳಂತೆ.

ಸಂಕವ್ವ ನಿಧಾನಕ್ಕೆ ಒಂದೊಂದೇ ಕಾಲು ಬಿಚ್ಚಿದಳು. ನನ್ನನ್ನ ಹಳಸಲು ಸಿಪ್ಪೆ ಅಂದಳಲ್ಲೇ ಅವಳು ಅಂದಳಂತೆ. ತಿಪ್ಪವ್ವ ನಕ್ಕಳು, ಈರವ್ವ ನಕ್ಕಳು, ಆಮೇಲೆ ಸಂಕವ್ವನೂ ನಕ್ಕಳು, ನಿಂಬೆ ಗಿಡವೇ ಅಲ್ಲಾಡಿತಂತೆ.

ಹದಿನೈದು ದಿನಕ್ಕೆ ಚೀಲ ಒಡೆದು ನೂರು ಮರಿ ಹೊರಬಿದ್ದು, ಗಾಳಿಗೆ ನೂಲು ಬಿಟ್ಟು, ಹಿತ್ತಲ ತುಂಬಾ ಹಾರಿ ಮನೆ ಮಾಡಿದವಂತೆ. ದೊಡ್ಡಮ್ಮ ಸಂಕವ್ವ ದಿನಾ ಬೆಳಗ್ಗೆ ಗಿಡಗಿಡಕ್ಕೂ ಹೋಗಿ ನೋಡೋಳಂತೆ. ಯಾವ ಮರಿಯ ಬಲೆಯಾದರೂ ಚೊಕ್ಕವಾಗಿ ಕಂಡರೆ ಸೊಂಟದ ಮೇಲೆ ನಾಲ್ಕು ಕೈ ಇಟ್ಟು, ಏನೇ ಇದು, ಬಲೆನಾ ಕನ್ನಡೀನಾ, ನಾಚಿಕೆ ಆಗಲ್ವಾ, ಹೋಗು, ಒಂದಿಷ್ಟು ಕಸ ತಗೊಂಡು ಬಾ ಅಂತ ಬೈಯೋಳಂತೆ.

ಜೇಡರು ಸುಖವಾಗಿದ್ದಾರೆ, ಕತೆ ಇಲ್ಲಿಗೆ ಮುಗೀತು. ಹೊದ್ದುಕೋ.